ಸರ್ ಕ್ಯಾಬಿನ್‌ನಲ್ಲೇ ಸಿಗರೇಟು ಸೇದುತ್ತಾರೆ, ನಾನು ಏನು ಮಾಡಲಿ?

ಪ್ರಶ್ನೆ: ನಮ್ಮದು ಸಣ್ಣ ಆಫೀಸು. ಒಟ್ಟು ಒಂಬತ್ತು ಜನ. ನಾನು ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ನಮ್ಮ ಸರ್ ಒಳ್ಳೆಯವರು, ಸಂಬಳ ಒಂದು ದಿನವೂ ತಡ ಮಾಡಿದವರಲ್ಲ. ಆದರೆ ದಿನಕ್ಕೆ ಹತ್ತು ಹನ್ನೆರಡು ಸಿಗರೇಟು ಕ್ಯಾಬಿನ್‌ನಲ್ಲೇ ಕೂತು ಸೇದುತ್ತಾರೆ. ಎಸಿ ಹಾಕಿರುವುದರಿಂದ ಕಿಟಕಿ ತೆಗೆಯುವ ಹಾಗಿಲ್ಲ. ಸಂಜೆ ಮನೆಗೆ ಹೋದರೆ ನನ್ನ ವೇಲ್ ಎಲ್ಲಾ ಅದೇ ವಾಸನೆ. ಹೇಳಿದರೆ ಕೆಲಸಕ್ಕೆ ಕುತ್ತು ಬರುತ್ತದೇನೋ ಅಂತ ಭಯ. ‘ನನ್ನ ಆಫೀಸು, ನನ್ನ ಕ್ಯಾಬಿನ್’ ಅಂದುಬಿಟ್ಟರೆ ಏನು ಮಾತಾಡಲಿ? ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅನ್ನುವಂಥ ದಾರಿ ಇದೆಯಾ?

ಉತ್ತರ: ಈ ಪ್ರಶ್ನೆ ನಿಮ್ಮೊಬ್ಬರದೇ ಅಲ್ಲ. ಆಡಿಟರ್ ಆಫೀಸು, ಟ್ರಾನ್ಸ್‌ಪೋರ್ಟ್ ಆಫೀಸು, ಬಿಲ್ಡರ್ ಆಫೀಸು, ಹೀಗೆ ಯಜಮಾನರೂ ಕೆಲಸದವರೂ ಒಂದೇ ಸೂರಿನ ಕೆಳಗೆ ಕೂರುವ ಕಡೆ ಎಲ್ಲಾ ಇದು ಇದ್ದದ್ದೇ. 2016-17ರಲ್ಲಿ ದೇಶದಾದ್ಯಂತ ನಡೆದ ತಂಬಾಕು ಸಮೀಕ್ಷೆಯಲ್ಲಿ, ನಾಲ್ಕು ಗೋಡೆಗಳ ಒಳಗೆ ಕೆಲಸ ಮಾಡುವವರಲ್ಲಿ ನೂರಕ್ಕೆ 30 ಜನ ಕೆಲಸದ ಜಾಗದಲ್ಲಿ ಬೇರೆಯವರ ಹೊಗೆ ಕುಡಿಯುತ್ತಿದ್ದೇವೆ ಅಂದಿದ್ದರು. ಹೆಚ್ಚಿನವರು ಬಾಯಿ ಬಿಡುವುದಿಲ್ಲ. ಅನ್ನ ಕೊಡುವವರಿಗೆ ಎದುರು ಹೇಳುವುದು ಹೇಗೆ ಅನ್ನುವ ಸಂಕೋಚ.

ನಿಮ್ಮ ಗಾದೆಯ ಹಾವು ಸಾಯಬೇಕಾಗಿಲ್ಲ. ಸರ್ ಸಿಗರೇಟು ಬಿಡಲಿ ಅಂತ ನೀವು ಕೇಳಬೇಕಾಗಿಯೂ ಇಲ್ಲ. ಅದು ಅವರ ಅಭ್ಯಾಸ, ಅವರ ದೇಹ. ನೀವು ಕೇಳಬೇಕಾದದ್ದು ಜಾಗ ಬದಲಿಸಿ ಅಂತ ಮಾತ್ರ. ಈ ಎರಡು ಮಾತು ಒಂದಕ್ಕೊಂದು ಬೆರೆತಾಗಲೇ ಜಗಳ ಆಗುವುದು. ‘ಸೇದಬೇಡಿ ಸರ್’ ಅಂದರೆ ಅವರ ಕಿವಿಗೆ ‘ನೀವು ಕೆಟ್ಟವರು’ ಅಂತ ಕೇಳುತ್ತದೆ. ‘ಹೊರಗೆ ಸೇದಿ ಸರ್’ ಅಂದರೆ ಅದು ಬರೀ ಒಂದು ವ್ಯವಸ್ಥೆಯ ಮಾತು.

ಈಗ ‘ನನ್ನ ಕ್ಯಾಬಿನ್’ ವಿಷಯಕ್ಕೆ ಬರೋಣ. ಕಟ್ಟಡ ಅವರದೇ ಇರಬಹುದು, ಬಾಡಿಗೆ ಅವರೇ ಕಟ್ಟಬಹುದು. ಆದರೆ ಹೊಗೆಯ ವಿಷಯದಲ್ಲಿ ಕಾನೂನು ಅದನ್ನು ಅವರ ಖಾಸಗಿ ಜಾಗ ಅಂತ ಒಪ್ಪುವುದಿಲ್ಲ. 1999ರಲ್ಲೇ ಕೇರಳ ಹೈಕೋರ್ಟ್, ಸಾರ್ವಜನಿಕ ಜಾಗದಲ್ಲಿ ಸೇದುವುದು ಪಕ್ಕದವರ ಬದುಕುವ ಹಕ್ಕಿಗೇ ಧಕ್ಕೆ ಅಂತ ಹೇಳಿತ್ತು. 2001ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶಕ್ಕೆ ಅದೇ ಮಾತು ಹೇಳಿತು. ಆಮೇಲೆ ಬಂದದ್ದು 2003ರ ತಂಬಾಕು ಕಾಯ್ದೆ, ಎಲ್ಲರೂ ಕೋಟ್ಪಾ ಅಂತ ಕರೆಯುವುದು. ಅದರ 4ನೇ ಸೆಕ್ಷನ್ ಸಾರ್ವಜನಿಕ ಜಾಗದಲ್ಲಿ ಸೇದುವುದನ್ನು ನಿಷೇಧಿಸುತ್ತದೆ. ‘ಆಫೀಸು ಸಾರ್ವಜನಿಕ ಜಾಗವಾ?’ ಅನ್ನುವ ಅನುಮಾನ ಯಾರಿಗಾದರೂ ಇದ್ದರೆ ಅದೂ ಬಗೆಹರಿದಿದೆ. 2008ರ ಅಕ್ಟೋಬರ್ 2ರಿಂದ, ಗಾಂಧಿ ಜಯಂತಿಯ ದಿನದಿಂದ ಜಾರಿಗೆ ಬಂದ ನಿಯಮಗಳಲ್ಲಿ ಕೆಲಸದ ಜಾಗವೂ ಸೇರಿದೆ ಅಂತ ಬರೆದೇ ಇದ್ದಾರೆ. ಕ್ಯಾಬಿನ್ನಿಗೆ ರಿಯಾಯಿತಿ ಇಲ್ಲ. ಸೇದುವುದಕ್ಕೆ ಅಂತ ಬೇರೆ ಕೋಣೆ ಮಾಡಿಕೊಳ್ಳಲು ಈ ಕೇಂದ್ರ ಕಾಯ್ದೆ ಅವಕಾಶ ಕೊಟ್ಟಿದ್ದು ಮೂರು ಕಡೆ ಮಾತ್ರ: 30 ಅಥವಾ ಅದಕ್ಕಿಂತ ಹೆಚ್ಚು ಕೋಣೆಗಳ ಹೋಟೆಲು, 30 ಅಥವಾ ಹೆಚ್ಚು ಜನ ಕೂರುವ ರೆಸ್ಟೋರೆಂಟು, ಮತ್ತು ವಿಮಾನ ನಿಲ್ದಾಣ. ಆಫೀಸು ಆ ಪಟ್ಟಿಯಲ್ಲಿಲ್ಲ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಆಫೀಸಿನಲ್ಲಿ ಯಾರೂ ಸೇದದ ಹಾಗೆ ನೋಡಿಕೊಳ್ಳುವುದು ಮಾಲೀಕರ, ಮ್ಯಾನೇಜರ ಜವಾಬ್ದಾರಿ. ಬಾಗಿಲ ಹತ್ತಿರ ಕಡಿಮೆ ಅಂದರೂ 60 ಸೆಂಟಿಮೀಟರಿಗೆ 30 ಸೆಂಟಿಮೀಟರ್ ಅಳತೆಯ ಬೋರ್ಡು ಹಾಕಬೇಕು. ಯಾರಾದರೂ ಸೇದಿದರೆ ಯಾರಿಗೆ ದೂರು ಕೊಡಬೇಕು ಅನ್ನುವ ಹೆಸರೂ ಅಲ್ಲೇ ಕಾಣಬೇಕು. ನಿಮ್ಮಂಥ ಒಂಬತ್ತು ಜನರ ಆಫೀಸಿನಲ್ಲಿ ಆ ಹೆಸರು ಯಾರದಾಗುತ್ತದೆ? ನಿಮ್ಮ ಸರ್‌ದೇ ಅಲ್ವಾ? ಆಶ್‌ಟ್ರೇ, ಬೆಂಕಿಪೊಟ್ಟಣ, ಲೈಟರ್ ಕೂಡ ಒದಗಿಸುವ ಹಾಗಿಲ್ಲ. ದೂರು ಬಂದರೂ ಸುಮ್ಮನಿದ್ದರೆ, ಎಷ್ಟು ಸಲ ತಪ್ಪು ನಡೆದಿದೆಯೋ ಅಷ್ಟು ದಂಡ ಜವಾಬ್ದಾರಿ ಹೊತ್ತವರ ತಲೆ ಮೇಲೆ. ಸೇದಿದವರಿಗೆ ಮೊದಲು 200 ರೂಪಾಯಿ ತನಕ ದಂಡ ಇತ್ತು. ಕರ್ನಾಟಕದಲ್ಲಿ 2025ರ ಮೇ ತಿಂಗಳ ಕೊನೆಯಿಂದ ಅದು 1000 ರೂಪಾಯಿ ತನಕ ಏರಿದೆ. ಇದನ್ನೆಲ್ಲ ಅವರ ಮುಖದ ಮೇಲೆ ಎಸೆಯಲಿ ಅಂತ ನಾನು ಬರೆಯುತ್ತಿಲ್ಲ. ನಾನೇನೋ ದಯೆ ಕೇಳುತ್ತಿದ್ದೇನೆ ಅನ್ನುವ ಕುಗ್ಗು ನಿಮ್ಮ ಮನಸ್ಸಿನಿಂದ ಹೋಗಲಿ ಅಂತ. ಬೆನ್ನ ಹಿಂದೆ ಕಾನೂನು ಇದೆ ಅಂತ ಗೊತ್ತಿದ್ದರೆ ದನಿ ತಾನಾಗೇ ಮೆತ್ತಗಾಗುತ್ತದೆ, ಆದರೆ ನಡುಗುವುದಿಲ್ಲ.

ಎಸಿ ಬಗ್ಗೆ ಒಂದು ಮಾತು ಹೇಳಲೇಬೇಕು. ‘ಎಸಿ ಇದೆಯಲ್ಲ, ಹೊಗೆ ಎಳೆದುಕೊಳ್ಳುತ್ತೆ’ ಅನ್ನುವವರು ಬಹಳ. ಗೋಡೆಯ ಮೇಲೆ ಕೂರಿಸುವ ಮಾಮೂಲಿ ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರುವುದಿಲ್ಲ. ಕೋಣೆಯ ಗಾಳಿಯನ್ನೇ ಎಳೆದು, ತಣ್ಣಗೆ ಮಾಡಿ, ಮತ್ತೆ ಅದೇ ಕೋಣೆಗೆ ಊದುತ್ತದೆ. ಹೊರಗೆ ಇಟ್ಟಿರುವ ಪೆಟ್ಟಿಗೆಯಿಂದ ಆಚೆ ಹೋಗುವುದು ಕೋಣೆಯ ಶಾಖ, ಹೊಗೆ ಅಲ್ಲ. ಅಂದರೆ ಬೆಳಿಗ್ಗೆ ಹತ್ತಕ್ಕೆ ಬಿಟ್ಟ ಹೊಗೆ ಮಧ್ಯಾಹ್ನವೂ ಅಲ್ಲೇ ಸುತ್ತುತ್ತಿರಬಹುದು. ಬಾಗಿಲು ತೆಗೆದಾಗೆಲ್ಲ, ಬಾಗಿಲ ಕೆಳಗಿನ ಸಂದಿನಿಂದ, ಫಾಲ್ಸ್ ಸೀಲಿಂಗ್ ಮೇಲಿನಿಂದ ನಿಮ್ಮ ಟೇಬಲ್ಲಿಗೂ ಬರುತ್ತದೆ. ರೂಮ್ ಫ್ರೆಶ್ನರ್ ಹೊಡೆದರೆ ಹೊಗೆಯ ಮೇಲೆ ಮಲ್ಲಿಗೆ ವಾಸನೆ ಸೇರುತ್ತದೆ, ಅಷ್ಟೇ. ಅಮೆರಿಕದ ಸರ್ಜನ್ ಜನರಲ್, ಅಂದರೆ ಅಲ್ಲಿನ ಸರ್ಕಾರದ ದೊಡ್ಡ ಆರೋಗ್ಯಾಧಿಕಾರಿ, 2006ರ ವರದಿಯಲ್ಲಿ, ಬೇರೆಯವರ ಹೊಗೆ ಇಷ್ಟಾದರೆ ಪರವಾಗಿಲ್ಲ ಅನ್ನುವ ಮಟ್ಟ ಇಲ್ಲವೇ ಇಲ್ಲ, ಫ್ಯಾನು, ಗಾಳಿಯಾಟದಿಂದ ಪೂರ್ತಿ ತಪ್ಪಿಸುವುದೂ ಆಗುವುದಿಲ್ಲ ಅಂತ ಸ್ಪಷ್ಟವಾಗಿ ಹೇಳಿದ್ದಾರೆ. ಮನೆಯಲ್ಲೋ ಕೆಲಸದಲ್ಲೋ ಹೀಗೆ ಹೊಗೆ ಕುಡಿಯುವ, ತಾವು ಸೇದದ ಜನಕ್ಕೆ ಹೃದಯದ ಕಾಯಿಲೆಯ ಅಪಾಯ ನೂರಕ್ಕೆ 25ರಿಂದ 30ರಷ್ಟು ಹೆಚ್ಚು ಅಂತಲೂ ಅದರಲ್ಲಿದೆ. ವೇಲಿನ ವಾಸನೆ ಒಗೆದರೆ ಹೋಗುತ್ತದೆ. ನನಗೆ ಚಿಂತೆ ಎದೆಯದ್ದು.

ಮಾತಾಡುವುದು ಹೇಗೆ? ಇದಕ್ಕೆ ನನ್ನದೇ ಅನುಭವ ಹೇಳುತ್ತೇನೆ. ನಾನು ಮೊದಲು ಕೆಲಸಕ್ಕೆ ಸೇರಿದ ಆಫೀಸಿನಲ್ಲಿ ಆರು ಜನ ಇದ್ದೆವು. ಯಜಮಾನರು ಬಾಯಿಂದ ಸಿಗರೇಟು ಇಳಿಸುತ್ತಿರಲಿಲ್ಲ. ಚಹಾ ಕುಡಿದ ಲೋಟದ ತಳದಲ್ಲಿ ಸಿಗರೇಟು ತುಂಡುಗಳು ಉಬ್ಬಿಕೊಂಡು ತೇಲುತ್ತಿದ್ದವು, ಅದನ್ನು ತೊಳೆಯುವ ಹುಡುಗ ಮುಖ ಆಚೆ ತಿರುಗಿಸಿಕೊಂಡು ತೊಳೆಯುತ್ತಿದ್ದ. ನಾವೆಲ್ಲ ಬೆನ್ನ ಹಿಂದೆ ಗೊಣಗುತ್ತಿದ್ದೆವು. ಬೇಕಂತಲೇ ಕೆಮ್ಮುತ್ತಿದ್ದೆವು. ಅವರಿಗೆ ಅದು ಕೇಳಿಸಿತೋ ಇಲ್ಲವೋ, ಏನೂ ಬದಲಾಗಲಿಲ್ಲ.

ಅಲ್ಲಿ ಟೈಪಿಂಗ್ ಮಾಡುತ್ತಿದ್ದ ಹಿರಿಯರೊಬ್ಬರಿದ್ದರು. ನಾವು ಅವರನ್ನು ಅಕ್ಕ ಅನ್ನುತ್ತಿದ್ದೆವು. ಜನವರಿ ಮೊದಲ ವಾರ ಕ್ಯಾಬಿನ್‌ನ ಹಳೆ ಕ್ಯಾಲೆಂಡರ್ ತೆಗೆದು ಹೊಸದು ಹಾಕಲು ಹೋದರು. ಹಳೆಯದನ್ನು ಇಳಿಸಿದರೆ ಅದರ ಹಿಂದೆ ಗೋಡೆ ಬೆಳ್ಳಗೆ, ಚೌಕವಾಗಿ, ಬಣ್ಣ ಹೊಡೆದ ದಿನದ ಹಾಗೇ ಇತ್ತು. ಸುತ್ತಲಿನ ಗೋಡೆ ಹಳದಿಗೂ ಕಂದಿಗೂ ನಡುವಿನ ಬಣ್ಣ. ಅಕ್ಕ ಹೊಸ ಕ್ಯಾಲೆಂಡರ್ ಕೈಯಲ್ಲೇ ಹಿಡಿದುಕೊಂಡು ಹೇಳಿದರು: “ಸರ್, ಸ್ವಲ್ಪ ಇಲ್ಲಿ ನೋಡಿ. ಗೋಡೆಗೇ ಹಿಂಗಾಗಿದೆ. ನಿಮ್ಮ ಎದೆ, ನಮ್ಮ ಎದೆ ಒಳಗೆ ಹೆಂಗಿದೆಯೋ. ಒಂಚೂರು ಹೊರಗೆ ಹೋಗಿ ಸೇದಿದ್ರೆ ಆಗಲ್ವಾ ಸರ್?” ಅಷ್ಟೇ. ಯಜಮಾನರು ಮಾತಾಡಲಿಲ್ಲ. ಮಧ್ಯಾಹ್ನ ಊಟ ಆದ ಮೇಲೆ ಪ್ಯಾಕೆಟ್ ಎತ್ತಿಕೊಂಡು ಹಿತ್ತಲ ಕಡೆ ಹೋದರು.

ಅಕ್ಕ ಮಾಡಿದ್ದರಲ್ಲಿ ನೀವೂ ಮಾಡಬಹುದಾದದ್ದು ಇದು. ಯಜಮಾನರು ಒಬ್ಬರೇ ಇದ್ದಾಗ ಮಾತಾಡಿದರು, ಬೇರೆಯವರ ಎದುರು ಮರ್ಯಾದೆ ತೆಗೆಯಲಿಲ್ಲ. ಸಿಗರೇಟು ಕೈಯಲ್ಲಿ ಉರಿಯುತ್ತಿರುವಾಗ ಹೇಳಲಿಲ್ಲ. ಏನು ಬೇಕು ಅನ್ನುವುದನ್ನು ಒಂದೇ ವಾಕ್ಯದಲ್ಲಿ ಕೇಳಿದರು. ನಿಮ್ಮ ಆಫೀಸಿನಲ್ಲಿ ಜಿಎಸ್‌ಟಿ ಕಟ್ಟುವ ಕೊನೆ ದಿನ, ಪಾರ್ಟಿ ಹಣ ಕೊಡದೆ ಸರ್ ತಲೆ ಕೆಟ್ಟಿರುವ ದಿನ ಈ ಮಾತು ಎತ್ತಲೇಬೇಡಿ. ಕೆಲಸ ಹಗುರಾಗಿರುವ ಸಂಜೆ ನೋಡಿ. “ಸರ್, ಒಂದು ಮಾತು ಹೇಳ್ಲಾ? ಬೇಜಾರು ಮಾಡ್ಕೋಬಾರ್ದು. ಹೊಗೆಗೆ ನನಗೆ ತಲೆನೋವು ಬರ್ತಿದೆ, ಸಂಜೆ ಲೆಕ್ಕ ನೋಡೋಕೆ ಆಗ್ತಿಲ್ಲ. ಬಾಲ್ಕನಿಯಲ್ಲಿ ಸೇದಿದ್ರೆ ನಮಗೆಲ್ಲ ಉಪಕಾರ ಆಗುತ್ತೆ” ಅನ್ನಿ. ಒಬ್ಬರೇ ಹೋಗಲು ಧೈರ್ಯ ಇಲ್ಲದಿದ್ದರೆ ಇನ್ನೊಬ್ಬರನ್ನು ಕರೆದುಕೊಳ್ಳಿ. ಎಂಟೂ ಜನ ಒಟ್ಟಿಗೆ ಹೋಗಬೇಡಿ, ಅದು ಮುಷ್ಕರದ ಹಾಗೆ ಕಾಣುತ್ತದೆ. ಕದ್ದು ಫೋಟೊ ತೆಗೆಯುವುದು, ಹೆಸರಿಲ್ಲದ ಚೀಟಿ ಟೇಬಲ್ ಮೇಲಿಡುವುದು ಬೇಡ. ಸಣ್ಣ ಆಫೀಸಿನಲ್ಲಿ ಕೈಬರಹ ಯಾರದು ಅಂತ ಎರಡು ನಿಮಿಷಕ್ಕೆ ಗೊತ್ತಾಗುತ್ತದೆ, ನಂಬಿಕೆಯೂ ಹೋಗುತ್ತದೆ.

ಬಸುರಿಯಾಗಿದ್ದರೆ, ಅಸ್ತಮಾ ಇದ್ದರೆ, ಒಳ್ಳೆ ಸಮಯ ಅಂತ ಕಾಯಬೇಡಿ. ಹೊಟ್ಟೆಯಲ್ಲಿರುವ ಮಗುವಿನ ತೂಕಕ್ಕೂ ಈ ಹೊಗೆ ಕೆಟ್ಟದ್ದು. ಡಾಕ್ಟರ ಹತ್ತಿರ ಒಂದು ಚೀಟಿ ಬರೆಸಿಕೊಂಡು ಅದೇ ವಾರ ಕೊಡಿ. ಚೀಟಿ ಇದ್ದರೆ ಮಾತು ಅರ್ಧ ಕಡಿಮೆಯಾಗುತ್ತದೆ.

ಎರಡು ಮೂರು ಸಲ ಹೇಳಿಯೂ ಆಗಲಿಲ್ಲ ಅಂದರೆ ಬರವಣಿಗೆಯಲ್ಲಿ ಕೇಳಿ. ಮೇಲ್ ಆಗಲಿ, ವಾಟ್ಸಾಪ್ ಆಗಲಿ, ನಾಲ್ಕು ಸಾಲು ಸಾಕು. ದೊಡ್ಡ ಕಂಪನಿಯಾದರೆ ಎಚ್‌ಆರ್ ಇದ್ದೇ ಇರುತ್ತಾರೆ. ಆಫೀಸಿನ ಒಳಗೆ ಸೇದಿದವರಿಗೆ ದಂಡ ಹಾಕುವ ಅಧಿಕಾರ ಎಚ್‌ಆರ್ ಮ್ಯಾನೇಜರಿಗೂ ಆಡಳಿತ ನೋಡಿಕೊಳ್ಳುವವರಿಗೂ ಇದೆ. ಸರ್ಕಾರಿ ಕಚೇರಿಯಾದರೆ ಮೇಲಿನ ಅಧಿಕಾರಿಗೆ ಹೇಳಿ. ಇವು ಯಾವುವೂ ಇಲ್ಲದ ನಿಮ್ಮಂಥ ಕಡೆ ಉಳಿಯುವುದು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿರುವ ತಂಬಾಕು ನಿಯಂತ್ರಣ ಕೋಶ, ಇಲ್ಲವೇ ಪೊಲೀಸ್ ಠಾಣೆ. ಇಲ್ಲಿ ನಿಮ್ಮ ಹತ್ತಿರ ಮುಚ್ಚುಮರೆ ಮಾಡುವುದಿಲ್ಲ. ದೂರು ಕೊಟ್ಟವರ ಕೆಲಸ ಕಾಪಾಡುವ ಮಾತು ಈ ಕಾಯ್ದೆಯಲ್ಲಿಲ್ಲ. ಒಂಬತ್ತು ಜನರಲ್ಲಿ ದೂರು ಕೊಟ್ಟವರು ಯಾರು ಅಂತ ಹುಡುಕುವುದೂ ಕಷ್ಟ ಅಲ್ಲ. ಅದಕ್ಕೆ ಈ ಬಾಗಿಲನ್ನು ಕೊನೆಗೆ ತಟ್ಟಿ. ತಟ್ಟುವ ಮೊದಲು ಬೇರೆ ಕೆಲಸವನ್ನೂ ನೋಡಲು ಶುರು ಮಾಡಿ. ಎರಡು ವರ್ಷ ಕೇಳಿಯೂ ಬದಲಾಗದ ಕಡೆ ಉಳಿಯುವುದಕ್ಕಿಂತ ಹೊರಡುವುದೇ ಒಳ್ಳೆಯದು ಅಂತ ನನಗನ್ನಿಸುತ್ತದೆ.

ಪ್ಯಾಕೆಟ್ ತರಲು ಸರ್ ಆಫೀಸಿನ ಹುಡುಗನನ್ನು ಅಂಗಡಿಗೆ ಕಳಿಸುತ್ತಿದ್ದರೆ ಅದನ್ನೂ ಗಮನಿಸಿ. ಕರ್ನಾಟಕದಲ್ಲಿ ಈಗ 21 ತುಂಬದವರಿಗೆ ಸಿಗರೇಟು ಮಾರುವಂತಿಲ್ಲ. ಹುಡುಗನಿಗೆ ಹತ್ತೊಂಬತ್ತಾಗಿದ್ದರೆ ಅಂಗಡಿಯವರು ಸಿಕ್ಕಿಹಾಕಿಕೊಳ್ಳುತ್ತಾರೆ. ‘ಬಿಡಬೇಕು ಅಂತಿದೀನಿ, ಆಗ್ತಿಲ್ಲ’ ಅಂತ ಸರ್ ತಾವಾಗೇ ಎಂದಾದರೂ ಅಂದರೆ, ಆಗ ಮಾತ್ರ, 1800-112-356 ನಂಬರ್ ಕೊಡಿ. ತಂಬಾಕು ಬಿಡಿಸುವ ಸರ್ಕಾರಿ ಸಹಾಯವಾಣಿ, ದುಡ್ಡು ಇಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಮಾತಾಡುವ ಮೊದಲು ನೀವು ಮಾಡಬೇಕಾದ ಕೆಲಸ ಒಂದಿದೆ. ‘ಹೊರಗೆ’ ಅಂದರೆ ಎಲ್ಲಿ ಅಂತ ಹೋಗಿ ನೋಡಿಕೊಂಡು ಬನ್ನಿ. ಮುಚ್ಚಿದ ಮೆಟ್ಟಿಲ ಸಂದಿ ಆಗದು, ಅದೂ ಒಳಗೇ. ನಿಮ್ಮ ಕಿಟಕಿಯ ಕೆಳಗೂ ಆಗದು. ನಮ್ಮ ಯಜಮಾನರು ಐದು ತಿಂಗಳು ಹಿತ್ತಲಿಗೇ ಹೋದರು. ಜೂನ್‌ನಲ್ಲಿ ಮಳೆ ಹಿಡಿಯಿತು ನೋಡಿ, ಮೊದಲ ದಿನ ಬಾಗಿಲಲ್ಲಿ ನಿಂತು ಸೇದಿದರು, ಮೂರನೇ ದಿನ ಮತ್ತೆ ಕ್ಯಾಬಿನ್ ಒಳಗೆ. ಅಕ್ಕ ಏನೂ ಅನ್ನಲಿಲ್ಲ. ಚಹಾದ ಹುಡುಗನನ್ನು ಕರೆದು, ಹಿತ್ತಲಲ್ಲಿ ಸೈಕಲ್ ನಿಲ್ಲಿಸುವ ತಗಡಿನ ಶೀಟ್ ಕೆಳಗೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿದರು, ಪಕ್ಕದಲ್ಲಿ ಮರಳು ತುಂಬಿದ ಹಳೇ ಬಣ್ಣದ ಡಬ್ಬ ಇಡಿಸಿದರು. “ಸರ್, ಅಲ್ಲಿ ನೆನೆಯಲ್ಲ” ಅಂದರು. ಅಕ್ಕ ರಿಟೈರ್ ಆಗುವ ತನಕ ಆ ಕುರ್ಚಿ ಅಲ್ಲೇ ಇತ್ತು.