ಲೊಕೇಶನ್ ನೋಡಲು ಕಿವಿಯನ್ನೂ ಕರೆದೊಯ್ಯಿರಿ

ವಿದ್ಯಾರ್ಥಿಗಳ ವಿಡಿಯೊಗಳಿಗೆ ನಾನು ಸೌಂಡ್ ಸರಿಮಾಡಿಕೊಡುತ್ತೇನೆ. ಚಿತ್ರ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಮಾತು ಮಾತ್ರ ಕೇಳಿಸುವುದಿಲ್ಲ. ತಿಂಗಳುಗಟ್ಟಲೆ ಕಷ್ಟಪಟ್ಟ ಹುಡುಗರಿಗೆ ‘ಇದನ್ನು ಉಳಿಸೋಕೆ ಆಗಲ್ಲ’ ಎಂದು ಹೇಳುವಾಗ ನಿಜಕ್ಕೂ ಸಂಕಟವಾಗುತ್ತದೆ.

ಲೊಕೇಶನ್ ನೋಡುವ ದಿನವೇ ಇದನ್ನು ತಡೆಯಬಹುದು. ಶೂಟಿಂಗ್ ಯಾವ ಹೊತ್ತಿಗೋ ಅದೇ ಹೊತ್ತಿಗೆ ಹೋಗಿ. ರಜಾದಿನ ಸದ್ದೇ ಇಲ್ಲದ ಕಾರಿಡಾರ್ ತರಗತಿಗಳಿರುವ ದಿನ ಸಂತೆಯಾಗಿರುತ್ತದೆ. ಎರಡು ನಿಮಿಷ ಕಣ್ಣು ಮುಚ್ಚಿ ಸುಮ್ನೆ ಕೂತುಕೊಳ್ಳಿ. ಫ್ಯಾನ್, ಫ್ರಿಜ್, ಹೊರಗಿನ ರಸ್ತೆ ಒಂದೊಂದಾಗಿ ಕೇಳಿಸತೊಡಗುತ್ತವೆ. ಬೇಡದ ಸದ್ದನ್ನು ನಮ್ಮ ಮಿದುಳು ಬದಿಗೆ ಸರಿಸುತ್ತದೆ, ಮೈಕ್ ಎಲ್ಲವನ್ನೂ ಹಿಡಿಯುತ್ತದೆ. ಆಮೇಲೆ ಜೋರಾಗಿ ಒಂದು ಚಪ್ಪಾಳೆ ತಟ್ಟಿ. ಸದ್ದು ಗೊಂಯ್‌ಗುಟ್ಟಿತಾ? ಹಾಗಾದರೆ ಬೇರೆ ಕೋಣೆ ಹುಡುಕಿ. ಇಲ್ಲವೇ ಫ್ರೇಮಿಗೆ ಬಾರದ ಕಡೆ ದಪ್ಪ ಕಂಬಳಿ ನೇತುಹಾಕಿ. ಮಾತಿನೊಳಗೆ ಸೇರಿದ ಪ್ರತಿಧ್ವನಿಯನ್ನು ಎಡಿಟಿಂಗ್‌ನಲ್ಲಿ ಪೂರ್ತಿ ಬಿಡಿಸುವುದು ತುಂಬಾ ಕಷ್ಟ.

ಫ್ರಿಜ್ ಆಫ್ ಮಾಡಿದರೆ ಗಾಡಿ ಕೀಲಿಯನ್ನು ಅದರೊಳಗೇ ಇಡಿ. ಸೌಂಡ್ ಕೆಲಸದವರ ಹಳೆಯ ಉಪಾಯ ಇದು. ಮನೆಗೆ ಹೊರಡುವಾಗ ಕೀಲಿ ಬೇಕೇ ಬೇಕಲ್ವಾ, ಆಗ ಆನ್ ಮಾಡುವುದೂ ನೆನಪಾಗುತ್ತದೆ.

ಶಾಟ್ ಪಟ್ಟಿ ಬರೆಯುವಾಗ ಪ್ರತಿ ಶಾಟ್ ಎದುರಿಗೆ ‘ಮೈಕ್ ಎಲ್ಲಿ?’ ಎಂದೂ ಬರೆದುಕೊಳ್ಳಿ. ಬಯಲಿನಲ್ಲಿ ಮೈಕ್‌ನ ದೂರ ಎರಡು ಪಟ್ಟಾದರೆ ಮಾತಿನ ಮಟ್ಟ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಸುತ್ತಲಿನ ಗದ್ದಲ ಮಾತ್ರ ಇದ್ದಷ್ಟೇ ಇರುತ್ತದೆ. ದೂರದ ಶಾಟ್‌ನಲ್ಲಿ ಕ್ಯಾಮೆರಾದ ಮೈಕನ್ನು ನಂಬಿದವರು ಸೋಲುವುದು ಇಲ್ಲೇ. ದುಬಾರಿ ಸಲಕರಣೆ ಬೇಕಿಲ್ಲ. ಇನ್ನೊಂದು ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ, ಫ್ರೇಮಿನ ಅಂಚಿನಾಚೆ, ಮಾತಾಡುವವರಿಗೆ ಆದಷ್ಟು ಹತ್ತಿರ ಹಿಡಿಯಿರಿ. ಟೇಕ್ ಶುರುವಿಗೆ ಕ್ಯಾಮೆರಾ ಮುಂದೆ ಒಂದು ಚಪ್ಪಾಳೆ. ವಿಡಿಯೊದಲ್ಲಿ ಸೆಕೆಂಡಿಗೆ 25 ಫ್ರೇಮ್ (ಬಿಡಿ ಚಿತ್ರಗಳು) ಇದ್ದರೆ ಒಂದು ಫ್ರೇಮ್ ಅಂದರೆ 40 ಮಿಲಿಸೆಕೆಂಡ್. ಎಡಿಟಿಂಗ್‌ನಲ್ಲಿ ಕೈ ಕೂಡಿದ ಫ್ರೇಮಿಗೆ ಫೋನಿನ ರೆಕಾರ್ಡಿಂಗ್‌ನ ‘ಟಪ್’ ಸದ್ದನ್ನು ಕೂಡಿಸಿದರೆ ತುಟಿಗೂ ಮಾತಿಗೂ ಹೊಂದುತ್ತದೆ.

ಕೊನೆಯ ಟೇಕ್ ಆದಮೇಲೆ ಎಲ್ಲರೂ ನಿಂತಲ್ಲೇ ನಿಂತು, ಆ ಜಾಗದ ಖಾಲಿ ಸದ್ದನ್ನು 30 ಸೆಕೆಂಡ್ ರೆಕಾರ್ಡ್ ಮಾಡಿ. ಇದೇ ರೂಮ್ ಟೋನ್. ಕತ್ತರಿಸಿದ ಮಾತುಗಳ ನಡುವಿನ ಸಂದು ತುಂಬಲು ಇದರಷ್ಟು ಒದಗುವುದು ಬೇರೆ ಇಲ್ಲ.

ತಂಡದಲ್ಲಿ ಒಬ್ಬರು ಇಡೀ ದಿನ ಹೆಡ್‌ಫೋನ್ ಹಾಕಿಕೊಂಡೇ ಇರಲಿ. ಅವರು ‘ಇನ್ನೊಂದು ಟೇಕ್’ ಅಂದರೆ ನಿರ್ದೇಶಕರು ಒಪ್ಪಬೇಕು, ಬೆಳಕು ಇಳಿಯುತ್ತಿದ್ದರೂ. ಇದನ್ನು ಶೂಟಿಂಗಿಗೆ ಮೊದಲೇ ಮಾತಾಡಿಕೊಂಡಿರಿ.