ಮೂರು ಬಾವಿಗಳ ಲೆಕ್ಕ, ಟಿಡಿಎಸ್ ಮೀಟರಿನ ಭ್ರಮೆ

ಕವಲುಕಡ್ಡಿ ಹಿಡಿದು ನೀರಿನ ಸೆಲೆ ಹುಡುಕುವ ವಿದ್ಯೆಯ ಬಗ್ಗೆ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 1917ರಲ್ಲೇ ಒಂದು ಪುಸ್ತಿಕೆ ಹೊರತಂದಿತು. ಇದರ ಮೇಲೆ ಇನ್ನೂ ಪ್ರಯೋಗ ನಡೆಸುವುದು ಸಾರ್ವಜನಿಕ ಹಣದ ದುರುಪಯೋಗ ಎಂದು ಅದರಲ್ಲಿ ಹೇಳಿ ಕೈತೊಳೆದುಕೊಂಡಿತು. ಶತಮಾನ ಕಳೆದರೂ ಯಾರೂ ಕಡ್ಡಿ ಕೆಳಗಿಟ್ಟಿಲ್ಲ. ಮರಳು, ಮೆಕ್ಕಲು ಹಾಸಿರುವ ನೆಲದಲ್ಲಿ ಬಹುತೇಕ ಎಲ್ಲಿ ಕೊರೆದರೂ ನೀರು ಸಿಗುತ್ತದೆ. ಕಡ್ಡಿ ಬಾಗಿದಲ್ಲಿ ಸಿಕ್ಕ ನೀರನ್ನು ಎಲ್ಲರೂ ಕಂಡರು; ಬಾಗದಲ್ಲಿ ಕೊರೆದು ನೋಡಿದವರು ಯಾರು?

ಇತ್ತ ಎಷ್ಟೋ ದೇಶಗಳ ಜಲ ಇಲಾಖೆಗಳು ವೀಕ್ಷಣಾ ಬಾವಿಗಳ ನೀರಿನ ಮಟ್ಟ, ಕೊರೆದಾಗ ಸಿಕ್ಕ ಪದರಗಳ ವಿವರ, ನೀರಿನ ರಾಸಾಯನಿಕ ವರದಿ ಎಲ್ಲವನ್ನೂ ಸಾರ್ವಜನಿಕರಿಗೆ ತೆರೆದಿಟ್ಟಿವೆ. ಓದುವವರು ಕಡಿಮೆ. ಓದಿದವರೂ ನೀರಿನ ಆಳದ ಅಂಕಣವೊಂದನ್ನೇ ನೋಡಿ, 'ಅಲ್ಲಿ 7 ಮೀಟರಿಗೇ ನೀರಿದೆ, ಇಲ್ಲಿ 14' ಎಂದು ನಿಟ್ಟುಸಿರು ಬಿಡುತ್ತಾರೆ. ಆ ಅಂಕಿ ನೆಲದಿಂದ ಕೆಳಕ್ಕೆ ಅಳೆದದ್ದು, ನೆಲವೋ ಎಲ್ಲ ಕಡೆ ಒಂದೇ ಎತ್ತರದಲ್ಲಿಲ್ಲ. ನೆಲದ ಎತ್ತರದಿಂದ ನೀರಿನ ಆಳವನ್ನು ಕಳೆದಾಗಲೇ ಅಂಕಿ ಮಾತಾಡುವುದು.

ಮೂರು ಬಾವಿ ತೆಗೆದುಕೊಳ್ಳಿ. ಮೊದಲನೆಯದರ ನೆಲ ಸಮುದ್ರಮಟ್ಟದಿಂದ 612 ಮೀಟರ್, ನೀರಿನ ಆಳ 14. ನೀರು ನಿಂತಿರುವ ಎತ್ತರ 598. ಎರಡನೆಯದರ ನೆಲ 604, ಆಳ 9, ಎತ್ತರ 595. ಮೂರನೆಯದರ ನೆಲ 599, ಆಳ 7, ಎತ್ತರ 592. ಅತಿ ಆಳದಲ್ಲಿರುವಂತೆ ಕಂಡ ಮೊದಲ ಬಾವಿಯ ನೀರೇ ಎಲ್ಲಕ್ಕಿಂತ ಮೇಲಿದೆ! ಮೂರು ಬಾವಿಗಳನ್ನೂ ಅಳತೆಗೆ ತಕ್ಕಂತೆ ಹಾಳೆಯ ಮೇಲೆ ಗುರುತಿಸಿ, ಮೊದಲನೆಯದಕ್ಕೂ ಮೂರನೆಯದಕ್ಕೂ ಗೆರೆ ಎಳೆಯಿರಿ. ಒಂದು ತುದಿಯಲ್ಲಿ 598, ಇನ್ನೊಂದರಲ್ಲಿ 592, ನಟ್ಟನಡುವೆ 595. ಆ ನಡುಬಿಂದುವನ್ನು ಎರಡನೆಯ ಬಾವಿಗೆ ಸೇರಿಸಿದರೆ ಸಿಗುವುದು ಸಮಮಟ್ಟದ ಗೆರೆ. ಓರೆಯಾಗಿಟ್ಟ ಹಲಗೆಯ ಮೇಲೆ ಚೆಲ್ಲಿದ ನೀರಿನಂತೆ ಅಂತರ್ಜಲ ಆ ಗೆರೆಗೆ ಲಂಬವಾಗಿ, ಮೂರನೆಯ ಬಾವಿಯ ಕಡೆಗೆ ಸರಿಯುತ್ತಿದೆ. ಪೆನ್ಸಿಲು, ಅಳತೆಪಟ್ಟಿ ಸಾಕು, ಕಡ್ಡಿ ಬೇಡ.

ವೇಗವೂ ಸಿಗುತ್ತದೆ. ಫ್ರಾನ್ಸಿನ ದಿಜೋನ್ ನಗರಕ್ಕೆ ನೀರು ತಂದ ಎಂಜಿನಿಯರ್ ಹೆನ್ರಿ ಡಾರ್ಸಿ ಮರಳು ತುಂಬಿದ ಕೊಳವೆಯಲ್ಲಿ ನೀರು ಹರಿಸಿ, 1856ರಲ್ಲಿ ಪ್ರಕಟಿಸಿದ, ಇಳಿಜಾರು ಹೆಚ್ಚಿದಷ್ಟೂ ಹರಿವು ಹೆಚ್ಚು ಎಂಬ ನಿಯಮ ಇಂದಿಗೂ ನಡೆಯುತ್ತಿದೆ. ಸಮಮಟ್ಟದ ಗೆರೆಯಿಂದ ಮೂರನೆಯ ಬಾವಿಗೆ ಲಂಬದೂರ 600 ಮೀಟರ್ ಎನ್ನಿ. ಇಳಿತ 3 ಮೀಟರ್, ಇಳಿಜಾರು 0.005. ಮರಳಿನ ವಾಹಕತೆ (ಅದು ನೀರನ್ನು ಎಷ್ಟು ಸಲೀಸಾಗಿ ಹಾಯಗೊಡುತ್ತದೆ ಎಂಬ ಅಳತೆ) ದಿನಕ್ಕೆ 10 ಮೀಟರ್, ನೀರು ಹಾಯುವ ರಂಧ್ರಗಳ ಪಾಲು 0.25 ಆದರೆ, 10 × 0.005 ÷ 0.25, ಅಂದರೆ ದಿನಕ್ಕೆ 20 ಸೆಂಟಿಮೀಟರ್. ವರ್ಷಕ್ಕೆ 73 ಮೀಟರ್. ನೆಲದಡಿ ಭೋರ್ಗರೆಯುವ ನದಿಯ ಕಲ್ಪನೆ ಇಲ್ಲಿಗೆ ಮುಗಿಯಿತು. (ಸುಣ್ಣಕಲ್ಲಿನ ಗುಹೆಗಳಲ್ಲಿ ನಿಜಕ್ಕೂ ನದಿಗಳಿವೆ, ಅದು ಬೇರೆ ಮಾತು. ಬಿರುಕುಗಳಲ್ಲಷ್ಟೇ ನೀರಿರುವ ಗಟ್ಟಿ ಬಂಡೆಯಲ್ಲೂ ಈ ಲೆಕ್ಕ ಕೈಕೊಡುತ್ತದೆ.)

ಲೆಕ್ಕ ಕೆಡುವುದು ಸಣ್ಣ ಕಾರಣಗಳಿಗೆ. ಒಬ್ಬರು ನೆಲದಿಂದ ಅಳೆದಿರುತ್ತಾರೆ, ಇನ್ನೊಬ್ಬರು ಅರ್ಧ ಮೀಟರ್ ಮೇಲೆದ್ದ ಕೇಸಿಂಗ್ ಪೈಪಿನ ಬಾಯಿಂದ. ಒಂದು ಬಾವಿಯಲ್ಲಿ ಪಂಪು ನಿಂತು ಹತ್ತು ನಿಮಿಷವಾಗಿರುತ್ತದೆ, ನೀರಿನ್ನೂ ಏರುತ್ತಿರುತ್ತದೆ. ಒಂದು ತೆರೆದ ಬಾವಿ, ಇನ್ನೊಂದು ಜೇಡಿಪದರದ ಕೆಳಗಿನ ಒತ್ತಡದ ನೀರನ್ನು ಮುಟ್ಟಿದ ಕೊಳವೆಬಾವಿ. ಎರಡನ್ನೂ ಒಂದೇ ನಕ್ಷೆಗೆ ಹಾಕಬಾರದು. ಎಲ್ಲಕ್ಕಿಂತ ಮೋಸದ್ದು ಸರಾಸರಿ: ಬತ್ತಿದ ಬಾವಿಯ ಸಾಲು ಖಾಲಿ ಬೀಳುತ್ತದೆ, ಉಳಿದವುಗಳ ಸರಾಸರಿ ಆಳ ಕಡಿಮೆ ಬರುತ್ತದೆ. ಹೀಗೆ ಬರದ ವರ್ಷವೂ ಕಾಗದದಲ್ಲಿ ಸುಧಾರಿಸಿದಂತೆ ಕಾಣಬಹುದು. ಸರಾಸರಿ ಎಷ್ಟು ಬಾವಿಗಳದ್ದು ಎಂದು ಮೊದಲು ನೋಡಬೇಕು.

ಇನ್ನು ಗುಣಮಟ್ಟ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಪಂಪಿನ ನೀರು ರುಚಿಯಾಗಿದೆಯೆಂದು ಹ್ಯಾಂಪ್‌ಸ್ಟೆಡ್‌ನಲ್ಲಿದ್ದ ಮಹಿಳೆಯೊಬ್ಬರು ಅದನ್ನೇ ತರಿಸಿ ಕುಡಿದು ಕಾಲರಾಕ್ಕೆ ಬಲಿಯಾದರು. ಪಂಪಿನ ಪಕ್ಕದಲ್ಲೇ ಮಲದ ಗುಂಡಿ ಸೋರುತ್ತಿತ್ತು. ಈಗ ನಾಲಿಗೆಯ ಜಾಗಕ್ಕೆ ಟಿಡಿಎಸ್ ಮೀಟರ್ ಬಂದಿದೆ. ಅದು ನೀರಿನ ವಿದ್ಯುತ್ ವಾಹಕತೆಯನ್ನು ಅಳೆದು, ಸುಮಾರು 0.5ರಿಂದ 0.7ರೊಳಗಿನ ಒಂದು ಗುಣಕದಿಂದ ಗುಣಿಸಿ, ಕರಗಿದ ಲವಣಗಳ ಅಂದಾಜು ತೋರಿಸುತ್ತದೆ. ಬ್ಯಾಕ್ಟೀರಿಯಾ ಅದಕ್ಕೆ ಕಾಣದು. ಲೀಟರಿಗೆ 300 ಮಿಲಿಗ್ರಾಂ ಲವಣದ ನಡುವೆ 3 ಮಿಲಿಗ್ರಾಂ ಫ್ಲೋರೈಡ್ ಇದ್ದರೆ, ಅಂದರೆ ವಿಶ್ವ ಆರೋಗ್ಯ ಸಂಸ್ಥೆಯ 1.5ರ ಮಿತಿಯ ಇಮ್ಮಡಿ ಇದ್ದರೂ, ಮೀಟರ್ ಸುಮ್ಮನಿರುತ್ತದೆ. ಟಿಡಿಎಸ್‌ಗೆ ಆ ಸಂಸ್ಥೆ ಆರೋಗ್ಯದ ಆಧಾರದ ಮಿತಿಯನ್ನೇ ಕೊಟ್ಟಿಲ್ಲ. 600ರೊಳಗಿದ್ದರೆ ರುಚಿ ಚೆನ್ನ ಎನ್ನುತ್ತದೆ, ಅಷ್ಟೆ.

ಪ್ರಯೋಗಾಲಯದ ವರದಿಯಲ್ಲಿ ಎಡವಿಸುವುದು ಘಟಕ. ನೈಟ್ರೇಟ್ 12 ಎಂದಿದೆ, ಮಿತಿ 50, ನಿಶ್ಚಿಂತೆ ಎನ್ನುವ ಮುನ್ನ 'ನೈಟ್ರೋಜನ್ ರೂಪದಲ್ಲಿ' ಎಂಬ ಸಣ್ಣಕ್ಷರ ಹುಡುಕಿ. ಇದ್ದರೆ ಆ ಅಂಕಿ ನೈಟ್ರೇಟಿನೊಳಗಿನ ನೈಟ್ರೋಜನ್ನಿನ ತೂಕವಷ್ಟೇ, ಪೂರ್ತಿ ನೈಟ್ರೇಟ್ ಸಿಗಲು 4.43ರಿಂದ ಗುಣಿಸಬೇಕು; 12 ಎಂಬುದು 53 ಆಗಿ ಮಿತಿ ದಾಟುತ್ತದೆ.

ಆರ್ಸೆನಿಕ್ ಇನ್ನೂ ಜಾಣ. ಮೇಲೆ ಬಂದ ನೀರಿನ ಕಬ್ಬಿಣ ಗಾಳಿ ತಗಲಿ ತುಕ್ಕಾಗಿ ತಳಕ್ಕಿಳಿಯುತ್ತದೆ, ಆರ್ಸೆನಿಕ್ಕೂ ಅದಕ್ಕೆ ಅಂಟಿ ಕೆಳಗೆ ಕೂರುತ್ತದೆ. ಬಾಟಲಿ ನಾಲ್ಕು ದಿನ ಹಾಗೇ ಕೂತರೆ ಮೇಲಿನ ತಿಳಿನೀರಿನ ಪರೀಕ್ಷೆಯಲ್ಲಿ ಏನೂ ಸಿಗದೆ ಹೋಗಬಹುದು. ಅದಕ್ಕೇ ಲೋಹದ ಪರೀಕ್ಷೆಯ ಬಾಟಲಿಗೆ ಪಿಎಚ್ 2ಕ್ಕಿಂತ ಕೆಳಗಿಳಿಯುವಷ್ಟು ಶುದ್ಧ ನೈಟ್ರಿಕ್ ಆಮ್ಲ ಬೆರೆಸುತ್ತಾರೆ. ಸೂಕ್ಷ್ಮಜೀವಿಗಳ ಪರೀಕ್ಷೆಗೆ ಬೇರೆಯೇ ಬಾಟಲಿ: ಆಮ್ಲವಿಲ್ಲದ್ದು, ಕ್ರಿಮಿಶುದ್ಧ ಮಾಡಿದ್ದು, ತಂಪಾಗಿಟ್ಟು 24 ಗಂಟೆಯೊಳಗೆ ತಲುಪಿಸಬೇಕಾದದ್ದು. 'ಪತ್ತೆಯಾಗಿಲ್ಲ' ಎಂಬ ಷರಾ ಕಂಡರೆ ಪತ್ತೆಯ ಕನಿಷ್ಠ ಮಿತಿ ಎಷ್ಟೆಂದು ಕೇಳಿ. ಆರ್ಸೆನಿಕ್‌ಗೆ ಮಾರ್ಗಸೂಚಿಯ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ಉಪಕರಣ 0.05ಕ್ಕಿಂತ ಕಡಿಮೆಯದನ್ನು ಕಾಣಲಾರದು ಎಂದಾದರೆ ಆ ವರದಿಯಿಂದ ಏನೂ ತಿಳಿದಂತಾಗಲಿಲ್ಲ, ಹೆಚ್ಚು ಸೂಕ್ಷ್ಮವಾದ ಉಪಕರಣವಿರುವ ಪ್ರಯೋಗಾಲಯಕ್ಕೆ ಹೊಸ ಬಾಟಲಿ ಕಳಿಸಬೇಕು.