ಹಳೇ ಫ್ಲಾಪಿಯನ್ನು ‘ಹಾಕಿ ನೋಡುವ’ ಮೊದಲು

ಒಂದು ಕಾಲದಲ್ಲಿ ಕಂಪ್ಯೂಟರಿನ ಫೈಲು ಉಳಿಸಿಡುತ್ತಿದ್ದ ಕಾಂತದ ಡಿಸ್ಕುಗಳೇ ಫ್ಲಾಪಿ. ಹಳೆಯ ಫ್ಲಾಪಿಗಳ ಡಬ್ಬ ಹಿಡಿದು, ಒಳಗಿನ ಬರಹ ತೆಗೆಸಿಕೊಳ್ಳಲು ನನ್ನಲ್ಲಿಗೆ ಬರುವವರು ಮೊದಲ ಮಾತಿಗೇ ಹೇಳುವುದು ಇದನ್ನು: “ಒಂದೆರಡು ಹಾಕಿ ನೋಡಿದ್ವಿ ಸಾರ್, ಓದ್ತಾ ಇಲ್ಲ.” ಆ ಒಂದೆರಡು ಯಾವುವು ಎಂದು ಕೇಳಿ, ಅವನ್ನು ಬೇರೆ ಎತ್ತಿಡುತ್ತೇನೆ. ಡಬ್ಬದಲ್ಲಿ ಉಳಿದವೆಲ್ಲ ಸೇರಿ ತೆಗೆದುಕೊಳ್ಳುವಷ್ಟು ಸಮಯವನ್ನು ಅವೇ ತೆಗೆದುಕೊಳ್ಳುವುದು ಹೆಚ್ಚು.

ದಕ್ಷಿಣ ಕನ್ನಡದಿಂದ ಬಂದ ಒಂದು ಡಬ್ಬದ ವಿಷಯ ಹೇಳುತ್ತೇನೆ. ತಂದವರ ತಂದೆ 1990ರ ದಶಕದ ಮೊದಲ ವರ್ಷಗಳಲ್ಲಿ ಊರಲ್ಲೊಂದು ಚಿಕ್ಕ ಪ್ರೆಸ್ ಇಟ್ಟುಕೊಂಡಿದ್ದರು. ಮದುವೆ ಕಾಗದ, ಬಿಲ್ ಪುಸ್ತಕಗಳ ಕೆಲಸ ಮುಗಿದ ಮೇಲೆ ರಾತ್ರಿ ಕೂತು, ತಾವೇ ಬರೆದ ಯಕ್ಷಗಾನ ಪ್ರಸಂಗಗಳನ್ನು ಕಂಪ್ಯೂಟರಿಗೆ ಏರಿಸುತ್ತಿದ್ದರಂತೆ. ಕೈಬರಹದ ಪುಸ್ತಕಗಳು ಗೆದ್ದಲ ಪಾಲಾದವು. ಉಳಿದದ್ದು ಐದೂಕಾಲು ಇಂಚಿನ 22 ಫ್ಲಾಪಿಗಳು, ಅವೂ ಅಟ್ಟದ ಮೇಲೆ ಮೂವತ್ತು ಮಳೆಗಾಲ ಕಂಡವು. ಅವುಗಳಲ್ಲೊಂದರ ಮೇಲೆ ನೀಲಿ ಪೆನ್ನಿನಲ್ಲಿ ‘ಪ್ರಸಂಗ 3, ಕೊನೆ ಭಾಗ’ ಎಂದು ಬರೆದಿತ್ತು. ಮನೆಯವರು ಅದನ್ನೇ ಗುಜರಿಯಿಂದ ತಂದ ಡ್ರೈವಿಗೆ ಹತ್ತಾರು ಸಲ ಹಾಕಿ ನೋಡಿದ್ದರು. ಅಪ್ಪ ಕೊನೆಗೆ ಬರೆದದ್ದು ಏನೆಂದು ನೋಡುವ ಆಸೆ. ಅದನ್ನು ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಹಾಗೆ ನೋಡುವಾಗ ಡ್ರೈವಿನ ಒಳಗೆ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರಬೇಕು.

ಹಾರ್ಡ್ ಡಿಸ್ಕಿನಲ್ಲಿ ಹೆಡ್ಡು, ಅಂದರೆ ಓದಿ ಬರೆಯುವ ತುದಿ, ತಟ್ಟೆಯ ಮೇಲೆ ತೇಲುತ್ತದೆ, ತಟ್ಟೆಯನ್ನು ಮುಟ್ಟುವುದಿಲ್ಲ. ಫ್ಲಾಪಿಯಲ್ಲಿ ಎರಡು ಹೆಡ್ಡುಗಳು ಹಾಳೆಯನ್ನು ಮೇಲಿಂದಲೂ ಕೆಳಗಿಂದಲೂ ಒತ್ತಿ ಹಿಡಿದಿರುತ್ತವೆ. ಹಾಳೆ ನಿಮಿಷಕ್ಕೆ 300 ಸುತ್ತು ತಿರುಗುತ್ತದೆ. ಆ ಹಾಳೆಯೆಂದರೆ ತೆಳ್ಳನೆಯ ಪಾಲಿಯೆಸ್ಟರ್, ಅದರ ಮೇಲೆ ಕಬ್ಬಿಣದ ಆಕ್ಸೈಡ್ ಪುಡಿಯನ್ನು ಅಂಟಿನಲ್ಲಿ ಕಲಸಿ ಬಳಿದ ಲೇಪ. ಅಂಟು ತೇವ ಹೀರಿ ಮೆತ್ತಗಾಗಿದ್ದರೆ, ಅಥವಾ ಲೇಪದ ಮೇಲೆ ಬೂಷ್ಟು ಬೆಳೆದಿದ್ದರೆ, ಹೆಡ್ಡು ಅದನ್ನು ಕೆರೆಯುತ್ತದೆ. ಕೆರೆದ ಪುಡಿ ಹೆಡ್ಡಿಗೇ ಮೆತ್ತಿಕೊಂಡು, ಮುಂದಿನ ಸುತ್ತಿನಲ್ಲಿ ಉಪ್ಪುಕಾಗದದ ಹಾಗೆ ಉಜ್ಜುತ್ತದೆ. ಲೇಪ ಹೋದ ಕಡೆ ಬರಹವೂ ಹೋಯಿತು. ಅದನ್ನು ವಾಪಸು ತರುವ ಸಾಫ್ಟ್‌ವೇರ್ ಯಾವುದೂ ಇಲ್ಲ.

ಇನ್ನೂ ನೋವಿನ ಸಂಗತಿಯೆಂದರೆ, ಮೊದಲು ಸವೆಯುವುದು ಎಲ್ಲಕ್ಕಿಂತ ಬೇಕಾದ ಜಾಗವೇ. 360 ಕೆಬಿ ಫ್ಲಾಪಿಯಲ್ಲಿ ಬದಿಗೆ 40 ಟ್ರ್ಯಾಕ್ (ಬಳೆಯಂಥ ಸುತ್ತು), ಟ್ರ್ಯಾಕಿಗೆ 9 ಸೆಕ್ಟರ್ (ಸುತ್ತಿನ ತುಂಡು), ಸೆಕ್ಟರಿಗೆ 512 ಬೈಟ್. ಯಾವ ಫೈಲು ಎಲ್ಲಿದೆ ಎಂದು ಹೇಳುವ ಪಟ್ಟಿ, ಅಂದರೆ ಬೂಟ್ ಸೆಕ್ಟರ್ (ಫ್ಲಾಪಿಯ ಮೊದಲ ಸೆಕ್ಟರ್), ಎರಡು ಪ್ರತಿ ಫ್ಯಾಟ್ (ಫೈಲಿನ ಯಾವ ತುಂಡಿನ ಮುಂದೆ ಯಾವುದು ಎಂಬ ಲೆಕ್ಕ) ಮತ್ತು ಡೈರೆಕ್ಟರಿ (ಫೈಲುಗಳ ಹೆಸರು), ಒಟ್ಟು 12 ಸೆಕ್ಟರ್. ಅಷ್ಟೂ ಇರುವುದು ಅತಿ ಹೊರಗಿನ ಸೊನ್ನೆ ಟ್ರ್ಯಾಕಿನ ಎರಡು ಬದಿಗಳಲ್ಲಿ. ಫೈಲುಗಳ ಪಟ್ಟಿ ಕೇಳಲು ನೀವು ‘ಡಿಐಆರ್’ ಎಂದು ಒತ್ತಿದಾಗಲೆಲ್ಲ ಹೆಡ್ಡು ಓಡುವುದು ಅಲ್ಲಿಗೇ. ಓದಲಾಗದಿದ್ದರೆ ಡಾಸ್ (ವಿಂಡೋಸಿಗಿಂತ ಮೊದಲಿನ, ಕಂಪ್ಯೂಟರ್ ನಡೆಸುವ ತಂತ್ರಾಂಶ) ಸುಮ್ಮನಿರುವುದಿಲ್ಲ, ಅದೇ ಜಾಗವನ್ನು ಮತ್ತೆ ಮತ್ತೆ ಓದಲು ನೋಡುತ್ತದೆ. ಹತ್ತು ಸಲ ಹಾಕಿ ನೋಡಿದ ಫ್ಲಾಪಿಯನ್ನು ಬೆಳಕಿಗೆ ಹಿಡಿದರೆ ಹೊರ ಅಂಚಿನಲ್ಲಿ ಬಳೆಯಂಥ ಒಂದು ಗೀರು ಕಾಣುತ್ತದೆ. ‘ಪ್ರಸಂಗ 3’ರಲ್ಲೂ ಆ ಬಳೆ ಇತ್ತು.

ಹಾಗಾಗಿ ನನ್ನ ಮೇಜಿನ ಮೇಲೆ ಮೊದಲ ದಿನ ಯಾವ ಕಂಪ್ಯೂಟರೂ ಆನ್ ಆಗುವುದಿಲ್ಲ. ಮೊದಲ ಕೆಲಸ ಪ್ರತಿ ಫ್ಲಾಪಿಯ ಲೇಬಲ್ಲಿನ ಫೋಟೋ, ಹಿಂದೆ ಮುಂದೆ ಎರಡೂ ಕಡೆ. ಲೇಬಲ್ಲಿನ ಮೇಲೆ ಬರೆದು ಹೊಡೆದುಹಾಕಿದ ಹೆಸರು ಕೂಡ ಮಾಹಿತಿಯೇ. ಆಮೇಲೆ ಹೆಡ್ಡಿನ ಕಿಂಡಿಯ ಮೇಲೆ ಟಾರ್ಚ್ ಹಿಡಿದು, ನಡುವಿನ ತೂತಿನಲ್ಲಿ ಬೆರಳಿಟ್ಟು ಹಾಳೆಯನ್ನು ನಿಧಾನ ತಿರುಗಿಸುತ್ತಾ ಪೂರ್ತಿ ನೋಡುತ್ತೇನೆ. ಬಿಳಿ ಚುಕ್ಕೆ, ಜೇಡರಬಲೆಯಂಥ ಎಳೆ ಕಂಡರೆ ಬೂಷ್ಟು ಎಂದೇ ಲೆಕ್ಕ. ಆ ಡಬ್ಬದಲ್ಲಿ 14ಕ್ಕೆ ಬೂಷ್ಟು ಹಿಡಿದಿತ್ತು.

ಬೂಷ್ಟು ತೊಳೆಯಬಹುದು. ಐದೂಕಾಲು ಇಂಚಿನದಾದರೆ ಹೊರ ಚೀಲದ ಒಂದು ಅಂಚನ್ನು ಕತ್ತರಿಸಿ ಹಾಳೆಯನ್ನು ಹೊರತೆಗೆಯುತ್ತೇನೆ. ಡಿಸ್ಟಿಲ್ಡ್ ನೀರಿಗೆ ಒಂದೇ ಹನಿ ಪಾತ್ರೆ ಸೋಪು ಹಾಕಿ, ನೂಲು ಬಿಡದ ಬಟ್ಟೆಯಿಂದ ಒರೆಸಿ, ಮತ್ತೆ ಬರೀ ನೀರಿನಲ್ಲಿ ತೊಳೆದು, ಫ್ಯಾನ್ ಕೆಳಗಲ್ಲ, ಧೂಳಿಲ್ಲದ ಕಡೆ ನೆರಳಿನಲ್ಲಿ ಒಣಗಿಸುತ್ತೇನೆ. ಒಣಗಿದ ಹಾಳೆ ಹಳೆಯ ಚೀಲಕ್ಕೆ ಮರಳುವುದಿಲ್ಲ. ಆ ಚೀಲದ ಒಳ ಅಸ್ತರಿಯಲ್ಲೂ ಬೂಷ್ಟು ಇರುತ್ತದೆ. ಕೆಲಸಕ್ಕೆ ಬಾರದ ಇನ್ನೊಂದು ಫ್ಲಾಪಿಯ ಸ್ವಚ್ಛ ಚೀಲದಲ್ಲಿ ಕೂರಿಸುತ್ತೇನೆ. ಗುಂಡಿಗೆಯ ಒಂದು ಬಡಿತ ತಪ್ಪುವ ಕೆಲಸ ಇದು, ಪ್ರತಿ ಸಲವೂ. ಮೊದಲ ಸಲ ಮಾಡುವವರು ದಯವಿಟ್ಟು ಬೇಡವಾದ ಫ್ಲಾಪಿಯ ಮೇಲೆ ಕೈ ಪಳಗಿಸಿಕೊಳ್ಳಿ.

ಇನ್ನು ಬರೆಯದಂತೆ ಬೀಗ ಹಾಕುವುದು. ಐದೂಕಾಲು ಇಂಚಿನದರಲ್ಲಿ ಬದಿಯ ಕಚ್ಚನ್ನು ಟೇಪಿನಿಂದ ಮುಚ್ಚಿದರೆ ಬೀಗ. ಮೂರೂವರೆ ಇಂಚಿನದರಲ್ಲಿ ಮೂಲೆಯ ಕಿಂಡಿ ತೆರೆದರೆ ಬೀಗ. ಓದುವುದಷ್ಟೇ ಅಲ್ಲವೇ, ಬೀಗ ಯಾಕೆ ಎಂದು ಕೇಳುವವರಿಗೆ ನಾನು ಹೇಳುವುದು ವಿಂಡೋಸ್ 95ರ ಸಂಗತಿ. ಬೀಗವಿಲ್ಲದ ಫ್ಲಾಪಿಯನ್ನು ಅದರಲ್ಲಿ ತೆರೆದು ನೋಡಿದರೆ ಸಾಕು, ಬೂಟ್ ಸೆಕ್ಟರಿನಲ್ಲಿ ಫ್ಲಾಪಿಯನ್ನು ಯಾವ ತಯಾರಕರ ವ್ಯವಸ್ಥೆ ಸಿದ್ಧಮಾಡಿತು ಎಂದು ಹೇಳುವ ಎಂಟು ಬೈಟನ್ನು ಅಳಿಸಿ ತನ್ನ ಗುರುತು ಬರೆದುಬಿಡುತ್ತದೆ. ಯಾರೂ ಏನೂ ಸೇವ್ ಮಾಡಿರುವುದಿಲ್ಲ, ಆದರೂ ಮೂಲ ಬದಲಾಗಿರುತ್ತದೆ.

ಓದಲು ನಾನು ಬಳಸುವುದು ಹಳೆಯ ಡ್ರೈವು, ಹೊಸ ಬೋರ್ಡು. ಸಾಮಾನ್ಯ ಪಿಸಿಯ ಫ್ಲಾಪಿ ಕಂಟ್ರೋಲರ್ ತನಗೆ ಅರ್ಥವಾದ ಸೆಕ್ಟರನ್ನು ಮಾತ್ರ ಕೊಡುತ್ತದೆ, ಅರ್ಥವಾಗದ್ದನ್ನು ‘ಎರರ್’ ಎಂದು ಬಿಸಾಡುತ್ತದೆ. ಗ್ರೀಸ್‌ವೀಸಲ್, ಕ್ರಯೋಫ್ಲಕ್ಸ್‌ನಂಥ ಬೋರ್ಡುಗಳು ಅರ್ಥ ಮಾಡಿಕೊಳ್ಳುವ ಗೋಜಿಗೇ ಹೋಗುವುದಿಲ್ಲ. ಹೆಡ್ಡಿನ ಕೆಳಗೆ ಕಾಂತದ ದಿಕ್ಕು ಎಷ್ಟೆಷ್ಟು ಹೊತ್ತಿಗೊಮ್ಮೆ ಬದಲಾಯಿತು ಎಂಬ ಕಾಲವನ್ನಷ್ಟೇ ಅಳೆದು ಬರೆದಿಡುತ್ತವೆ. ಅದಕ್ಕೇ ಫ್ಲಕ್ಸ್ ಪ್ರತಿ ಎನ್ನುವುದು. ಒಮ್ಮೆ ಅದು ಕೈಗೆ ಬಂದರೆ ಫ್ಲಾಪಿಯನ್ನು ಮತ್ತೆ ಮುಟ್ಟದೆ, ಹತ್ತು ಬಗೆಯಲ್ಲಿ ಅರ್ಥ ಮಾಡಿ ನೋಡಬಹುದು. ಮ್ಯಾಕಿಂಟಾಷ್‌ನ 800 ಕೆಬಿ, ಅಮಿಗಾ ಎಂಬ ಕಂಪ್ಯೂಟರಿನ 880 ಕೆಬಿ ಫ್ಲಾಪಿಗಳನ್ನು ಪಿಸಿ ತಾನಾಗಿ ಓದುವುದೇ ಇಲ್ಲ. ಅವಕ್ಕೂ ಇದೇ ದಾರಿ. ಚಿತ್ರಕಾರ ಆಂಡಿ ವಾರ್ಹಾಲ್ 1985ರಲ್ಲಿ ಅಮಿಗಾದಲ್ಲಿ ಬಿಡಿಸಿದ್ದ ಚಿತ್ರಗಳು 2014ರಲ್ಲಿ ಬೆಳಕಿಗೆ ಬಂದದ್ದು, ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಕ್ಲಬ್ಬಿನವರು ಹೀಗೆ ಮೊದಲು ಕಾಂತದ ಪ್ರತಿ ತೆಗೆದುಕೊಂಡಿದ್ದರಿಂದ.

ಒಂದು ಫ್ಲಾಪಿ ಮುಗಿದು ಇನ್ನೊಂದಕ್ಕೆ ಕೈಹಾಕುವ ಮೊದಲು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಹೆಡ್ಡು ಒರೆಸಲೇಬೇಕು, ಪ್ರತಿ ಸಲ. ಕಿವಿ ಡ್ರೈವಿನ ಮೇಲೇ ಇರಬೇಕು. ಸರಸರ ಸದ್ದು ಕಿರ್ರೆಂದು ತಿರುಗಿದ ಕ್ಷಣವೇ ನಿಲ್ಲಿಸಬೇಕು. ಮತ್ತೊಂದು ಮಾತು: ಫ್ಲಾಪಿ ಬರೆದ ಅದೇ ಡ್ರೈವು ಮನೆಯಲ್ಲಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಆ ಡ್ರೈವಿನ ಹೆಡ್ಡು ಕೂದಲೆಳೆಯಷ್ಟು ಓರೆಯಾಗಿದ್ದರೆ ಬರಹವೂ ಅಷ್ಟೇ ಓರೆಯಾಗಿರುತ್ತದೆ, ಅದನ್ನು ಎಲ್ಲಕ್ಕಿಂತ ಚೆನ್ನಾಗಿ ಓದುವುದು ಅದೇ ಓರೆ ಹೆಡ್ಡು.

ಫೈಲುಗಳನ್ನಷ್ಟೇ ಕಾಪಿ ಮಾಡಿಕೊಡಿ ಸಾಕು ಎನ್ನುವವರಿಗೂ ನಾನು ಇಡೀ ಫ್ಲಾಪಿಯ ಪ್ರತಿಯನ್ನೇ ತೆಗೆಯುತ್ತೇನೆ. ಡಾಸ್‌ನಲ್ಲಿ ಫೈಲು ಅಳಿಸಿದರೆ ಅದರ ಹೆಸರಿನ ಮೊದಲ ಅಕ್ಷರದ ಜಾಗದಲ್ಲಿ ಒಂದು ಗುರುತು ಬೀಳುತ್ತದೆ, ಅದರ ಜಾಗ ಖಾಲಿ ಎಂದು ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ, ಅಷ್ಟೇ. ಒಳಗಿನ ಬರಹ ಅದರ ಮೇಲೆ ಬೇರೇನಾದರೂ ಬರೆಯುವ ತನಕ ಹಾಗೇ ಇರುತ್ತದೆ. ಕವಿಯೊಬ್ಬರು ಕೈಬಿಟ್ಟ ಮೊದಲ ಕರಡು ಸಿಕ್ಕಿದ್ದುಂಟು, ಮನೆಯವರಿಗೇ ಗೊತ್ತಿಲ್ಲದ ಸಾಲದ ಪತ್ರ ಸಿಕ್ಕಿದ್ದೂ ಉಂಟು. ಅಳಿಸಿದವರು ಅಳಿಸಬೇಕೆಂದೇ ಅಳಿಸಿರುತ್ತಾರೆ. ಅದಕ್ಕೇ ಅಳಿಸಿದ್ದನ್ನು ತೆರೆಯುವ ಮೊದಲು ಮನೆಯ ಹಿರಿಯರನ್ನು ಕೇಳುತ್ತೇನೆ, ಬೇಡ ಎಂದರೆ ತೆರೆಯುವುದಿಲ್ಲ. ಹಳೆಯ ಬೂಟ್ ಸೆಕ್ಟರ್ ವೈರಸ್ಸುಗಳೂ ಸಿಗುತ್ತವೆ. 1990ರಲ್ಲಿ ಭಾರತದಲ್ಲಿ ಮೊದಲು ಕಂಡ, ಜನವರಿ 5ರಂದು ತನಗೆ ಹುಟ್ಟುಹಬ್ಬದ ಶುಭಾಶಯ ಬೆರಳಚ್ಚು ಮಾಡು ಎಂದು ಕೇಳುವ ‘ಜೋಶಿ’ಯಂಥವು. ಪ್ರತಿಯಲ್ಲಿ ಅದನ್ನೂ ಹಾಗೇ ಇಟ್ಟು, ಇದೆ ಎಂದು ಪಕ್ಕದಲ್ಲಿ ಬರೆದಿಡುತ್ತೇನೆ.

ಇಷ್ಟಾದರೂ ಕೈಗೆ ಬಂದಿರುವುದು ಬೈಟು, ಕನ್ನಡವಲ್ಲ. ಡಾಸ್ ಪರದೆಯಲ್ಲಿ ಆ ಪ್ರಸಂಗದ ಫೈಲು ತೆರೆದಾಗ ಕಂಡದ್ದು ಅಡ್ಡಗೀಟು, ಉದ್ದಗೀಟು, ಮೂಲೆಗೀಟು; ಯಾರೋ ಕೋಷ್ಟಕ ಬರೆಯಲು ಹೋಗಿ ಬಿಟ್ಟಂತೆ. ಅದನ್ನು ನೋಡಿ ನನಗೆ ಸಂತೋಷವಾಯಿತು. ಅದು ಇಸ್ಕಿಯ ಚಹರೆ; ಇಸ್ಕಿ ಅಂದರೆ ಅಕ್ಷರಕ್ಕೊಂದು ಸಂಖ್ಯೆ ಕೊಡುವ ಸಂಕೇತ. ಸರ್ಕಾರಿ ಸಂಸ್ಥೆ ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡು (ಪರದೆಗೆ ಭಾರತೀಯ ಲಿಪಿ ತರುವ ಬೋರ್ಡು) ಕೂರಿಸಿದ್ದ ಕಂಪ್ಯೂಟರುಗಳಲ್ಲಿ ಭಾರತೀಯ ಲಿಪಿಗಳನ್ನು ಈ ಸಂಕೇತದಲ್ಲಿ ಬರೆಯುತ್ತಿದ್ದರು; 1991ರಲ್ಲಿ ಅದು ರಾಷ್ಟ್ರೀಯ ಮಾನಕವೂ ಆಯಿತು. ಇಸ್ಕಿಯಲ್ಲಿ ‘ಕ’ಕಾರದ ಸಂಖ್ಯೆ 179. ಕಾರ್ಡಿಲ್ಲದ ಡಾಸ್‌ಗೆ 179 ಎಂದರೆ ಒಂದು ಉದ್ದಗೀಟು. ನಮ್ಮ ವ್ಯಂಜನಗಳಷ್ಟೂ ಅದರ ಗೀಟುಗಳ ಸಾಲಿನಲ್ಲೇ ಬೀಳುತ್ತವೆ. ಕನ್ನಡದ ‘ಕ’, ಹಿಂದಿಯ ‘ಕ’, ತೆಲುಗಿನ ‘ಕ’ ಎಲ್ಲಕ್ಕೂ ಅಲ್ಲಿ ಒಂದೇ ಸಂಖ್ಯೆ. ಇಂದಿನ ಕಂಪ್ಯೂಟರುಗಳ ಸಂಕೇತವಾದ ಯೂನಿಕೋಡಿಗೆ ತರುವುದು ಸುಲಭ, ಆದರೆ ಲಿಪಿ ಯಾವುದೆಂದು ನಾವೇ ಹೇಳಬೇಕು.

‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಕಾಲದ ಫೈಲುಗಳಾದರೆ ಬೇರೆಯೇ ತೊಡಕು. ಅಲ್ಲಿ ಸಂಖ್ಯೆ ಇರುವುದು ಅಕ್ಷರಕ್ಕಲ್ಲ, ಅಕ್ಷರದ ಚೂರಿಗೆ: ತಲೆಕಟ್ಟಿಗೊಂದು, ಒತ್ತಿಗೊಂದು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ‘ಕನ್ನಡ’ ಎಂಬ ಪದದ ನಡುವೆ ಇಂಗ್ಲೆಂಡಿನ ಪೌಂಡ್ ಚಿಹ್ನೆ ಕಾಣುತ್ತದೆ. ಫಾಂಟ್ ಬೇರೆಯಾದರೆ ಸಂಖ್ಯೆಗಳೂ ಬೇರೆ. ಹಾಗಾಗಿ ‘ಫಾಂಟ್’ ಎಂದು ಬರೆದ ಫ್ಲಾಪಿಯನ್ನು ಅದರಲ್ಲೇನಿರುತ್ತೆ ಎಂದು ಬಿಸಾಡಬೇಡಿ. ಅದಿಲ್ಲದೆ ಡಬ್ಬದ ಉಳಿದ ಫ್ಲಾಪಿಗಳು ಮೂಕ.

22ರಲ್ಲಿ 19 ಪೂರ್ತಿ ಬಂದವು. ಎರಡರಲ್ಲಿ ಕೆಲವು ಸೆಕ್ಟರ್ ಹೋದವು. ಉಳಿದದ್ದು ‘ಪ್ರಸಂಗ 3, ಕೊನೆ ಭಾಗ’. ಅದರ ಸೊನ್ನೆ ಟ್ರ್ಯಾಕಿನಲ್ಲಿ ಏನೂ ಇರಲಿಲ್ಲ. ಫ್ಯಾಟ್ ಹೋಗಿತ್ತು, ಡೈರೆಕ್ಟರಿ ಹೋಗಿತ್ತು. ಒಳಗಿನ ಟ್ರ್ಯಾಕುಗಳು ಮಾತ್ರ ಹೆಚ್ಚುಕಡಿಮೆ ಸರಿಯಾಗಿದ್ದವು. ಅಂದರೆ ಪದ್ಯಗಳು ಇದ್ದವು, ಯಾವುದರ ಮುಂದೆ ಯಾವುದು ಎಂಬುದು ಇರಲಿಲ್ಲ. ಈ ಬಗೆಯ ಫ್ಲಾಪಿಯಲ್ಲಿ ಡಾಸ್ ಬರಹವನ್ನು 1,024 ಬೈಟಿನ ತುಂಡು ಮಾಡಿ, ಖಾಲಿ ಇದ್ದಲ್ಲೆಲ್ಲ ಇಡುತ್ತದೆ. ಅವರು ರಾತ್ರಿ ರಾತ್ರಿ ತಿದ್ದಿ ಉಳಿಸಿದ್ದರಿಂದ ತುಂಡುಗಳು ಚೆಲ್ಲಾಪಿಲ್ಲಿಯಾಗಿದ್ದವು. ಹಳೆಯ ಕರಡು, ಹೊಸ ಕರಡು ಎಲ್ಲ ಬೆರೆತು ಕೂತಿದ್ದವು. ಪದದ ನಡುವೆಯೇ ತುಂಡು ಮುಗಿಯುತ್ತಿತ್ತು.

ಎಲ್ಲವನ್ನೂ ಯೂನಿಕೋಡಿಗೆ ತಿರುಗಿಸಿ, ತುಂಡಿಗೊಂದರಂತೆ ಕಾಗದದ ಮೇಲೆ ಮುದ್ರಿಸಿ ಕಳಿಸಿದೆ. ಮಗ ಅವನ್ನು ತಂದೆಯ ಪದ್ಯಗಳನ್ನು ಆಟದಲ್ಲಿ ಹಾಡಿದ್ದ ಹಿರಿಯ ಭಾಗವತರೊಬ್ಬರ ಬಳಿ ಒಯ್ದರು. ಒಂದು ದಿನ ಅವರಿಬ್ಬರೂ ಫೋನಿನಲ್ಲಿ ನನ್ನನ್ನು ಸೇರಿಸಿಕೊಂಡರು. ಭಾಗವತರು ಒಂದು ಹಾಳೆಯ ಕೊನೆಯ ಸಾಲು ಹಾಡುವರು, ತಾಳ ಹಾಕುತ್ತಲೇ ಮುಂದಿನ ಹಾಳೆ ತೆಗೆಯುವರು, “ಇದಲ್ಲ, ಇಲ್ಲಿ ಅಷ್ಟತಾಳ ಮುರಿಯುತ್ತದೆ” ಎಂದು ಬದಿಗಿಡುವರು, ಇನ್ನೊಂದು ತೆಗೆಯುವರು. ಕೂಡಿದಾಗ ಹೇಳಬೇಕಾದ್ದೇನೂ ಇರುತ್ತಿರಲಿಲ್ಲ, ಸಾಲು ತಾನಾಗಿ ಮುಂದಕ್ಕೆ ಹೋಗುತ್ತಿತ್ತು. ಮಂಗಳ ಪದ್ಯದವರೆಗೂ ಹೀಗೇ ಬಂದರು. ಎರಡು ಹಾಳೆ ಎಲ್ಲಿಯೂ ಕೂಡಲಿಲ್ಲ. ಅವನ್ನು ಯಾವ ಟ್ರ್ಯಾಕಿನಿಂದ ತೆಗೆದದ್ದು ಎಂದು ಬರೆದು, ಫ್ಲಕ್ಸ್ ಪ್ರತಿಯ ಜೊತೆಗೇ ಇಟ್ಟಿದ್ದೇನೆ.